ಕಾಲೇಜು ಶಿಕ್ಷಣದ ಆಯ್ಕೆ ಮತ್ತು ಗೃಹಸ್ಥರ ಹೊಣೆ

(ಸಂಘದ ವಾರ್ಷಿಕೋತ್ಸವ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ವಾರ್ಷಿಕೋತ್ಸವದ ಈ ವೇದಿಕೆಯಿಂದ ಸಾಹಿತ್ಯದ ವಿಷಯವನ್ನೋ ಗಡಿನಾಡಿನ ಇತಿಹಾಸವನ್ನೋ ಕುರಿತು ಮಾತನಾಡುವುದು ವಾಡಿಕೆ. ಈ ಬಾರಿ ಕಾರ್ಯಕಾರೀ ಸಮಿತಿಯವರು ನಮಗೆ ವಿಧಿಸಿದ ವಿಷಯ ಬೇರೆಯದು. ‘ಮಕ್ಕಳಿಗೆ ಒಳ್ಳೆಯ ಕಾಲೇಜನ್ನು ಹುಡುಕುವುದು ಹೇಗೆ, ಅದರ ಖರ್ಚನ್ನು ತೂಗಿಸುವುದು ಹೇಗೆ ಎಂಬುದನ್ನು ಮನೆಮಂದಿಗೆಲ್ಲ ತಿಳಿಯುವಂತೆ ಹೇಳಿ’ ಎಂದು ಅಪ್ಪಣೆ ಕೊಡಿಸಿದರು. ಸಮಿತಿಯವರು ಸರಿಯಾದುದನ್ನೇ ಕೇಳಿದ್ದಾರೆ. ಕನ್ನಡ ಶಾಲೆಯಲ್ಲಿ ಓದಿದ ಮಗುವಿಗೆ ಮುಂದೆ ದಾರಿಯಿಲ್ಲವೆಂಬ ಅಂಜಿಕೆ ಮನೆಗಳಲ್ಲಿ ಬೇರೂರಿದರೆ ಕನ್ನಡ ಶಾಲೆಯ ಬಾಗಿಲು ಮುಚ್ಚುವುದಕ್ಕೆ ಬೇರೆ ಕಾರಣವೇ ಬೇಕಾಗಿಲ್ಲ. ಆದುದರಿಂದ ಇದು ಹಣದ ಮಾತಷ್ಟೇ ಅಲ್ಲ. ಭಾಷೆಯ ಮಾತೂ ಹೌದು.

ಮೊದಲು ಹಳೆಯದೊಂದನ್ನು ನೆನೆಯೋಣ. 1956ರ ನವೆಂಬರ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ನಮ್ಮ ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯಿಂದ ಬೇರ್ಪಟ್ಟು ಕೇರಳಕ್ಕೆ ಸೇರಿತು. ಅದಕ್ಕೆ ಮುಂಚೆ ನಮ್ಮವರಿಗೆ ಕಾಲೇಜೆಂದರೆ ಮಂಗಳೂರು; ಅದರಾಚೆಗೆ ಮದರಾಸು. ಮಂಜೇಶ್ವರದ ಗೋವಿಂದ ಪೈಗಳೂ (1883-1963) ಕಾಲೇಜು ವ್ಯಾಸಂಗಕ್ಕಾಗಿ ಮದರಾಸಿಗೆ ಹೋದವರೇ. ಮನೆಯ ಸಂಕಷ್ಟದ ಕಾರಣ ಪದವಿಯನ್ನು ಮುಗಿಸದೆಯೇ ಅವರು ಊರಿಗೆ ಮರಳಬೇಕಾಯಿತು. ಅಷ್ಟು ದೊಡ್ಡ ಪಂಡಿತರಿಗೂ ಕಾಲೇಜು ದೂರವಾಗಿತ್ತು. ಇಂದು ಅವರ ಹೆಸರಿನ ಸರ್ಕಾರಿ ಕಾಲೇಜು 1980ರಿಂದ ಮಂಜೇಶ್ವರದಲ್ಲಿಯೇ ನಡೆಯುತ್ತಿದೆ. ಕಾಸರಗೋಡಿನ ವಿದ್ಯಾನಗರದಲ್ಲಿ ಸರ್ಕಾರಿ ಕಾಲೇಜು 1957ರಲ್ಲಿಯೇ ಆರಂಭವಾಯಿತು. ಕಾಞಂಗಾಡಿನ ನೆಹರೂ ಕಾಲೇಜು 1968ರಿಂದಿದೆ. ಪೊವ್ವಲಿನಲ್ಲಿ 1993ರಿಂದ ಎಲ್‌.ಬಿ.ಎಸ್‌. ಇಂಜಿನಿಯರಿಂಗ್ ಕಾಲೇಜು ಇದೆ. 2009ರಲ್ಲಿ ಸ್ಥಾಪಿತವಾದ ಕೇಂದ್ರೀಯ ವಿಶ್ವವಿದ್ಯಾಲಯವು ಮುಖ್ಯವಾಗಿ ಸ್ನಾತಕೋತ್ತರ ವ್ಯಾಸಂಗಕ್ಕಾಗಿ ಪೆರಿಯದಲ್ಲಿ ನೆಲೆಗೊಂಡಿದೆ. ಇನ್ನು ಮಂಗಳೂರು ಅಂದಿನಂತೆಯೇ ಇಂದೂ ರೈಲಿನಲ್ಲಿ ಒಂದು ಗಂಟೆಯ ಆಸುಪಾಸಿನ ದಾರಿ.

ಹೀಗಿದ್ದೂ ನಮ್ಮ ಗೃಹಸ್ಥರು ಮೋಸಹೋಗುತ್ತಿರುವುದೇಕೆ? ನಮ್ಮ ಹಿರಿಯರ ಎರಡು ಗಾದೆಗಳು ಇದಕ್ಕೆ ಉತ್ತರವನ್ನು ಹೇಳುತ್ತವೆ. ‘ಹಿತ್ತಿಲ ಗಿಡ ಮದ್ದಲ್ಲ’ ಎಂಬುದೊಂದು. ‘ದೂರದ ಬೆಟ್ಟ ನುಣ್ಣಗೆ’ ಎಂಬುದು ಇನ್ನೊಂದು. ಬಸ್ಸಿನ ಪಾಸಿನಲ್ಲಿ ಹೋಗಿಬರಬಹುದಾದ ಕಾಲೇಜು ನಮ್ಮ ಕಣ್ಣಿಗೆ ಕಾಲೇಜೇ ಅಲ್ಲ. ಬಣ್ಣದ ಪುಸ್ತಕದಲ್ಲಿ ಅಚ್ಚಾದ ದೂರದೂರಿನ ಕಟ್ಟಡವೇ ಕಾಲೇಜು.

ಕೆಲವು ವರ್ಷಗಳ ಹಿಂದೆ ನಮ್ಮ ನೆರೆಯ ಗೃಹಸ್ಥರೊಬ್ಬರ ಮನೆಯಲ್ಲಿ ನಡೆದುದನ್ನು ಹೇಳುತ್ತೇವೆ. ಅವರಿಗೆ ಚಿಕ್ಕದೊಂದು ಅಡಿಕೆ ತೋಟ, ಇಬ್ಬರು ಮಕ್ಕಳು. ಹಿರಿಯವಳು ಮಗಳು, ಪ್ಲಸ್ ಟುವಿನಲ್ಲಿ ಒಳ್ಳೆಯ ಅಂಕಗಳನ್ನು ಪಡೆದವಳು. ‘ತಮ್ಮನೂ ಓದಬೇಕಲ್ಲ, ಇಬ್ಬರಿಗೂ ಎಲ್ಲಿಂದ ತರಲಿ?’ ಎಂದು ಅವಳ ಓದನ್ನು ಅಲ್ಲಿಗೇ ನಿಲ್ಲಿಸಿದರು. ಎರಡು ವರ್ಷಗಳ ತರುವಾಯ ಮಗನ ಸರದಿ ಬಂದಾಗ ದಲ್ಲಾಳಿಯೊಬ್ಬನು ಮನೆಗೇ ಬಂದು ದೂರದ ಪಟ್ಟಣದ ಒಂದು ನರ್ಸಿಂಗ್ ಕಾಲೇಜಿನಲ್ಲಿ ಸೀಟು ಕೊಡಿಸುವುದಾಗಿ ಹೇಳಿದ. ವರ್ಷದ ಫೀಸು ಇಂತಿಷ್ಟೇ ಎಂದ. ತೋಟದ ಒಂದು ಭಾಗ ಮಾರಾಟವಾಯಿತು. ಸೇರಿದ ಮೇಲೆ ಹಾಸ್ಟೆಲು ಬೇರೆ, ಊಟ ಬೇರೆ, ಸಮವಸ್ತ್ರ ಬೇರೆ, ಪರೀಕ್ಷೆ ಬೇರೆ, ಆಸ್ಪತ್ರೆಯ ತರಬೇತಿಗೆ ಹೋಗುವ ವಾಹನಕ್ಕೂ ಬೇರೆ ಎಂದಾಯಿತು. ಎರಡನೆಯ ವರ್ಷ ಹಣ ಸಾಲದೆ ಬಿಟ್ಟುಬರುತ್ತೇನೆಂದರೆ, ಉಳಿದ ವರ್ಷಗಳ ಫೀಸನ್ನೂ ಕಟ್ಟಿದ ಹೊರತು ಮೂಲ ಪ್ರಮಾಣಪತ್ರಗಳನ್ನು ಕೊಡುವುದಿಲ್ಲವೆಂದು ಸಂಸ್ಥೆಯವರು ಕುಳಿತರು. ಆ ಹುಡುಗ ಕೆಟ್ಟವನಲ್ಲ. ಅವನ ತಂದೆಯೂ ಅವಿವೇಕಿಯಲ್ಲ. ಅವರಿಗೆ ತಕ್ಕ ಕಾಲದಲ್ಲಿ ತಿಳಿಯಹೇಳುವವರಿರಲಿಲ್ಲ. ನೆರೆಯಲ್ಲೇ ಇದ್ದ ನಾವೂ ಹೇಳಲಿಲ್ಲ. ಇಂದು ಇಲ್ಲಿ ನಿಂತು ಮಾತನಾಡುವುದಕ್ಕೆ ಆ ಲಜ್ಜೆಯೂ ಒಂದು ಕಾರಣ.

ಇನ್ನು ವಿಷಯಕ್ಕೆ ಬರೋಣ. ಕಾಲೇಜುಗಳಲ್ಲಿ ಮೂರು ಬಗೆಗಳಿವೆಯೆಂಬುದನ್ನು ಪ್ರತಿಯೊಂದು ಮನೆಯೂ ತಿಳಿದಿರಬೇಕು. ಸರ್ಕಾರವೇ ನಡೆಸುವುದು ಸರ್ಕಾರಿ ಕಾಲೇಜು. ಖಾಸಗಿಯವರು ನಡೆಸಿ ಅಧ್ಯಾಪಕರ ಸಂಬಳವನ್ನು ಸರ್ಕಾರ ಕೊಡುವುದು ಅನುದಾನಿತ ಕಾಲೇಜು. ಎಲ್ಲ ವೆಚ್ಚವನ್ನೂ ವಿದ್ಯಾರ್ಥಿಗಳ ಫೀಸಿನಿಂದಲೇ ತೂಗಿಸುವುದು ಸ್ವಾಶ್ರಯ ಕಾಲೇಜು. ಮೊದಲೆರಡು ಬಗೆಗಳಲ್ಲಿ ಫೀಸು ಮಧ್ಯಮ ವರ್ಗದ ಮನೆಗೆ ಎಟುಕುವಷ್ಟಿರುತ್ತದೆ. ಮೂರನೆಯದರಲ್ಲಿ ಹಲವು ಪಟ್ಟು ಹೆಚ್ಚು. ಇಲ್ಲಿ ಒಂದು ಸೂಕ್ಷ್ಮವಿದೆ. ಅನುದಾನಿತ ಕಾಲೇಜಿನೊಳಗೂ ಕೆಲವು ತರಗತಿಗಳು ಸ್ವಾಶ್ರಯವಾಗಿರುವುದುಂಟು. ಆದುದರಿಂದ ‘ಈ ಕಾಲೇಜು ಅನುದಾನಿತವೇ?’ ಎಂದು ಕೇಳಿದರೆ ಸಾಲದು. ‘ನಮ್ಮ ಮಗು ಸೇರಲಿರುವ ಈ ತರಗತಿ ಅನುದಾನಿತವೇ?’ ಎಂದು ಕೇಳಬೇಕು. ಪೊವ್ವಲಿನ ಇಂಜಿನಿಯರಿಂಗ್ ಕಾಲೇಜಿನಂತೆ ಸರ್ಕಾರದ ನಿಯಂತ್ರಣದಲ್ಲಿದ್ದೂ ಸ್ವಾಶ್ರಯವಾಗಿರುವ ಸಂಸ್ಥೆಗಳೂ ಇವೆ.

ಒಳ್ಳೆಯ ಕಾಲೇಜೆಂದರೆ ಯಾವುದು? ಕಟ್ಟಡವನ್ನು ನೋಡಿ ನಿರ್ಣಯಿಸಬೇಡಿ. ಮೊದಲು ಮಾನ್ಯತೆಯನ್ನು ನೋಡಬೇಕು. 1956ರ ವಿಶ್ವವಿದ್ಯಾಲಯ ಅನುದಾನ ಆಯೋಗದ ಕಾಯಿದೆಯ ಪ್ರಕಾರ ಪದವಿಯನ್ನು ಕೊಡುವ ಅಧಿಕಾರವಿರುವುದು ಕಾನೂನುಬದ್ಧ ವಿಶ್ವವಿದ್ಯಾಲಯಗಳಿಗೆ ಮತ್ತು ಸಂಸತ್ತು ಆ ಅಧಿಕಾರವನ್ನಿತ್ತ ಸಂಸ್ಥೆಗಳಿಗೆ ಮಾತ್ರ. ಹೆಸರಿನಲ್ಲಿ ವಿಶ್ವವಿದ್ಯಾಲಯವೆಂದಿದ್ದ ಮಾತ್ರಕ್ಕೆ ಅದು ವಿಶ್ವವಿದ್ಯಾಲಯವಾಗದು; ನಕಲಿ ಸಂಸ್ಥೆಗಳ ಪಟ್ಟಿಯನ್ನು ಆ ಆಯೋಗವೇ ಪ್ರಕಟಿಸುತ್ತದೆ. ಇಂಜಿನಿಯರಿಂಗಿಗೆ ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತಿನ ಒಪ್ಪಿಗೆ, ಶಿಕ್ಷಕ ತರಬೇತಿಗೆ ರಾಷ್ಟ್ರೀಯ ಅಧ್ಯಾಪಕ ಶಿಕ್ಷಣ ಪರಿಷತ್ತಿನ ಒಪ್ಪಿಗೆ ಬೇಕು. ನರ್ಸಿಂಗಿಗೆ ವಿಶ್ವವಿದ್ಯಾಲಯದ ಸಂಯೋಜನೆಯ ಜೊತೆಗೆ ನರ್ಸಿಂಗ್ ಪರಿಷತ್ತಿನ ಮಾನ್ಯತೆಯನ್ನೂ ನೋಡಬೇಕು. ದಲ್ಲಾಳಿ ತೋರಿಸುವ ಕಾಗದವನ್ನು ನೆಚ್ಚದೆ ಆಯಾ ಪರಿಷತ್ತಿನ ಪಟ್ಟಿಯಲ್ಲೇ ಹೆಸರನ್ನು ಹುಡುಕಬೇಕು. ಬೆಂಗಳೂರಿನಲ್ಲಿ 1994ರಲ್ಲಿ ಸ್ಥಾಪಿತವಾದ ನ್ಯಾಕ್ ಸಂಸ್ಥೆಯು ಕೊಡುವ ಶ್ರೇಣಿಯೂ ಒಂದು ಗುರುತು. ಅದರ ಮೇಲೆ ನಾವೇ ಒಂದು ದಿನ ಕಾಲೇಜಿಗೆ ಹೋಗಿ, ಖಾಯಂ ಅಧ್ಯಾಪಕರೆಷ್ಟು ಮಂದಿ, ಗ್ರಂಥಾಲಯ ಎಷ್ಟು ಹೊತ್ತು ತೆರೆದಿರುತ್ತದೆ, ಪ್ರಯೋಗಾಲಯದಲ್ಲಿ ಹುಡುಗರ ಕೈಗೆ ಉಪಕರಣ ಸಿಗುತ್ತದೆಯೇ ಎಂದು ವಿಚಾರಿಸಬೇಕು. ಆಫೀಸಿನಲ್ಲಿ ಕೇಳುವುದಕ್ಕಿಂತ ಕೊನೆಯ ವರ್ಷದ ಇಬ್ಬರು ವಿದ್ಯಾರ್ಥಿಗಳನ್ನು ಕೇಳುವುದು ಮೇಲು. ಹೆಣ್ಣು ನೋಡಲು ಮೂರು ಸಲ ಹೋಗಿಬರುವ ನಾವು ಕಾಲೇಜು ನೋಡಲು ಒಂದು ಸಲವೂ ಹೋಗದಿರುವುದು ಸರಿಯೇ?

ಖರ್ಚಿನ ಲೆಕ್ಕಕ್ಕೆ ಬರೋಣ. ದಲ್ಲಾಳಿಯಾಗಲಿ ಜಾಹೀರಾತಾಗಲಿ ಹೇಳುವುದು ಬೋಧನಾಶುಲ್ಕವೊಂದನ್ನೇ. ಉದಾಹರಣೆಗೆಂದು ವರ್ಷಕ್ಕೆ 50,000 ರೂಪಾಯಿ ಬೋಧನಾಶುಲ್ಕವೆಂದು ಇಟ್ಟುಕೊಳ್ಳೋಣ. ನಾಲ್ಕು ವರ್ಷಗಳಿಗೆ 2 ಲಕ್ಷವೆಂದು ಮನೆಯಲ್ಲಿ ಲೆಕ್ಕ ಹಾಕುತ್ತಾರೆ. ಹಾಸ್ಟೆಲು ಮತ್ತು ಊಟಕ್ಕೆ ತಿಂಗಳಿಗೆ 6,500ರಂತೆ ಹತ್ತು ತಿಂಗಳಿಗೆ 65,000. ಪರೀಕ್ಷೆ, ಪುಸ್ತಕ, ಸಮವಸ್ತ್ರ, ಪ್ರಯೋಗಾಲಯ ಎಲ್ಲ ಸೇರಿ 20,000. ಊರಿಗೆ ಹೋಗಿಬರುವುದಕ್ಕೂ ಕೈಖರ್ಚಿಗೂ 10,000. ಒಟ್ಟು ವರ್ಷಕ್ಕೆ 1,45,000. ನಾಲ್ಕು ವರ್ಷಕ್ಕೆ 5,80,000. ಎರಡು ಲಕ್ಷವೆಂದು ಹೊರಟವನು ಸುಮಾರು ಆರು ಲಕ್ಷದ ಬಳಿ ಬಂದು ನಿಲ್ಲುತ್ತಾನೆ. ಇದೇ ಹುಡುಗ ಮನೆಯಲ್ಲಿ ಉಂಡು ವಿದ್ಯಾನಗರಕ್ಕೋ ಮಂಜೇಶ್ವರಕ್ಕೋ ಬಸ್ಸಿನಲ್ಲಿ ಹೋಗಿಬಂದರೆ ಈ ಪಟ್ಟಿಯಲ್ಲಿ ಉಳಿಯುವುದು ಎಷ್ಟೆಂದು ನೀವೇ ಕಳೆದು ನೋಡಿ. ಆದುದರಿಂದ ನಮ್ಮ ಮೊದಲ ಸೂತ್ರ: ಒಂದು ವರ್ಷದ ಫೀಸನ್ನು ಕೇಳಬೇಡಿ, ಪದವಿ ಕೈಗೆ ಬರುವವರೆಗಿನ ಒಟ್ಟು ಖರ್ಚನ್ನು ಕೇಳಿ, ಅದನ್ನು ಬರವಣಿಗೆಯಲ್ಲಿ ಪಡೆಯಿರಿ. ಕೊಟ್ಟ ಪ್ರತಿಯೊಂದು ರೂಪಾಯಿಗೂ ರಸೀದಿಯಿರಲಿ. ರಸೀದಿ ಕೊಡದ ಕೈಗೆ ಹಣ ಕೊಡಬೇಡಿ.

ವರ್ಷಗಳ ಎಣಿಕೆಯಲ್ಲಿಯೂ ಎಚ್ಚರ ಬೇಕು. ಕೇರಳದಲ್ಲಿ 2024ರಿಂದ ನಾಲ್ಕು ವರ್ಷದ ಪದವಿಯ ಕ್ರಮ ಬಂದಿದೆ. ಮೂರು ವರ್ಷಕ್ಕೇ ಪದವಿ ಪಡೆದು ಹೊರಬರುವುದಕ್ಕೂ ಅದರಲ್ಲಿ ಅವಕಾಶವಿದೆ. ಕರ್ನಾಟಕವು ಅದೇ ವರ್ಷ ಮೂರು ವರ್ಷದ ಪದವಿಗೆ ಮರಳಿತು. ಹೊಳೆಯಾಚೆಗೆ ಓದಿ ಇಲ್ಲಿ ಕೆಲಸಕ್ಕೆ ಅರ್ಜಿ ಹಾಕುವವರು, ತಮ್ಮ ಪದವಿ ಇಲ್ಲಿನ ವಿಶ್ವವಿದ್ಯಾಲಯದ ಪದವಿಗೆ ಸಮಾನವೆಂದು ಎಣಿಕೆಯಾಗುವುದೇ ಎಂಬುದನ್ನು ಸೇರುವ ಮೊದಲೇ ವಿಚಾರಿಸಿಕೊಳ್ಳಬೇಕು. ಪದವಿ ಮುಗಿದ ಮೇಲೆ ಕೇಳಿದರೆ ಫಲವಿಲ್ಲ.

ಗಡಿನಾಡಿನವರೆಂದರೆ ಎರಡು ಮನೆಗೂ ನೆಂಟರು, ಯಾವ ಮನೆಗೂ ಯಜಮಾನರಲ್ಲ ಎಂದು ನಾವು ಕೊರಗುವುದುಂಟು. ಕಾಲೇಜಿನ ವಿಷಯದಲ್ಲಿ ಮಾತ್ರ ಈ ನೆಂಟಸ್ತನವೇ ಒಂದು ಅನುಕೂಲ. ಕೇರಳದ ವಾಸಿಗಳಾಗಿ ಇಲ್ಲಿನ ಪ್ರವೇಶ ಪರೀಕ್ಷೆಯ ಬಾಗಿಲು ನಮಗೆ ತೆರೆದಿದೆ. ಕನ್ನಡಿಗರಾಗಿ ಕರ್ನಾಟಕದ ಬಾಗಿಲೂ ತೆರೆದಿದೆ. ಕರ್ನಾಟಕ ಪರೀಕ್ಷಾ ಪ್ರಾಧಿಕಾರವು ನಡೆಸುವ ಸಾಮಾನ್ಯ ಪ್ರವೇಶ ಪರೀಕ್ಷೆಯಲ್ಲಿ ಹೊರನಾಡು ಮತ್ತು ಗಡಿನಾಡು ಕನ್ನಡಿಗರಿಗೆಂದು ಅವಕಾಶವಿದೆ. ನಮ್ಮ ಕಾಸರಗೋಡು, ಹೊಸದುರ್ಗ, ಮಂಜೇಶ್ವರ ತಾಲೂಕುಗಳಂತೆಯೇ ಮಹಾರಾಷ್ಟ್ರದ ಅಕ್ಕಲಕೋಟೆ, ಜತ್ತ ಮೊದಲಾದ ತಾಲೂಕುಗಳೂ ಅದರಲ್ಲಿ ಸೇರಿವೆ. ಮನೆಮಾತು ಕನ್ನಡ, ತುಳು ಅಥವಾ ಕೊಡವ ಆಗಿದ್ದು, ಪ್ರಾಧಿಕಾರವು ನಡೆಸುವ ಕನ್ನಡ ಭಾಷಾ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕೆಂಬುದು ನಿಬಂಧನೆ. ಹತ್ತನೆಯ ತರಗತಿಯವರೆಗೆ ಕನ್ನಡದಲ್ಲೇ ಓದಿದ ನಮ್ಮ ಮಕ್ಕಳಿಗೆ ಆ ಪರೀಕ್ಷೆಯ ಭಯವೇಕೆ? ಕನ್ನಡ ಶಾಲೆಗೆ ಹೋದುದು ವ್ಯರ್ಥವಾಯಿತೆನ್ನುವವರಿಗೆ ಈ ಒಂದು ಪರೀಕ್ಷೆಯೇ ಉತ್ತರ. ನಿಬಂಧನೆಗಳು ವರ್ಷ ವರ್ಷವೂ ತಿದ್ದುಪಡಿಯಾಗುವುದರಿಂದ ಆಯಾ ವರ್ಷದ ಮಾಹಿತಿ ಪುಸ್ತಕವನ್ನು ಓದಿಯೇ ಅರ್ಜಿ ತುಂಬಬೇಕು.

ಭಾಷೆಯ ಇನ್ನೊಂದು ಕಷ್ಟವನ್ನು ಮುಚ್ಚಿಡುವುದು ಬೇಡ. ಹತ್ತರವರೆಗೆ ಕನ್ನಡದಲ್ಲಿ ಓದಿದ ಮಗು ಪ್ಲಸ್ ಒನ್ನಿಗೆ ಕಾಲಿಟ್ಟೊಡನೆ ಭೌತಶಾಸ್ತ್ರವೂ ಲೆಕ್ಕಶಾಸ್ತ್ರವೂ ಇಂಗ್ಲಿಷಿಗೆ ತಿರುಗುತ್ತವೆ. ಜಾಣ ಮಕ್ಕಳೂ ಅಲ್ಲಿ ಆರು ತಿಂಗಳು ತತ್ತರಿಸುತ್ತಾರೆ. ‘ನಮಗೆ ತಲೆಯಿಲ್ಲ’ ಎಂದು ತಾವೇ ತೀರ್ಮಾನಿಸಿಬಿಡುತ್ತಾರೆ. ಅದು ತಲೆಯ ದೋಷವಲ್ಲ, ದಾರಿ ಬದಲಾದುದರ ಆಯಾಸ. ಅವರಿಗೆ ತಿಳಿದಿರಲಿ: ವೈದ್ಯಕೀಯಕ್ಕಿರುವ ನೀಟ್ ಪರೀಕ್ಷೆ, ಇಂಜಿನಿಯರಿಂಗಿಗಿರುವ ಜೆ.ಇ.ಇ. ಮೇನ್, ಕೇಂದ್ರೀಯ ವಿಶ್ವವಿದ್ಯಾಲಯಗಳಿಗೆ 2022ರಿಂದ ನಡೆಯುತ್ತಿರುವ ಸಿ.ಯು.ಇ.ಟಿ., ಈ ಮೂರನ್ನೂ ಕನ್ನಡದಲ್ಲಿ ಬರೆಯಲು ಅವಕಾಶವಿದೆ. ಅರ್ಜಿಯಲ್ಲಿ ಭಾಷೆಯ ಅಂಕಣದ ಎದುರು ಕನ್ನಡವೆಂದು ಗುರುತು ಹಾಕಬೇಕು; ನೀಟ್ ಮತ್ತು ಜೆ.ಇ.ಇ. ಮೇನ್ ಪರೀಕ್ಷೆಗಳಿಗೆ ಕರ್ನಾಟಕದ ಪರೀಕ್ಷಾ ಕೇಂದ್ರವನ್ನೇ ಆರಿಸಿಕೊಳ್ಳಬೇಕು.

ವಿದ್ಯಾರ್ಥಿವೇತನಗಳ ವಿಷಯವನ್ನು ಸಂಕ್ಷೇಪವಾಗಿ ಹೇಳುತ್ತೇವೆ. ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ವರ್ಗದ ಮಕ್ಕಳಿಗೂ ಅರ್ಹರಾದ ಹಿಂದುಳಿದ ವರ್ಗದ ಮಕ್ಕಳಿಗೂ ಕೇರಳ ಸರ್ಕಾರದ ಇ-ಗ್ರಾಂಟ್ಸ್ ಯೋಜನೆಯ ಮೂಲಕ ಸಹಾಯ ದೊರೆಯುತ್ತದೆ. ಜಾತಿಯ ಭೇದವಿಲ್ಲದೆ ಅಂಕದ ಮೇಲೆ ಸಿಗುವುದು ಕೇಂದ್ರ ಸರ್ಕಾರದ ವಿದ್ಯಾರ್ಥಿವೇತನ: ಪ್ಲಸ್ ಟುವಿನಲ್ಲಿ ತಮ್ಮ ಮಂಡಳಿಯ ಮೇಲಿನ ಶೇಕಡಾ 20ರೊಳಗೆ ಬಂದಿದ್ದು ಮನೆಯ ವಾರ್ಷಿಕ ವರಮಾನ 4.5 ಲಕ್ಷವನ್ನು ಮೀರದ ಮಕ್ಕಳಲ್ಲಿ ಆಯ್ಕೆಯಾದವರಿಗೆ ಪದವಿಯ ಮೊದಲ ಮೂರು ವರ್ಷಗಳಲ್ಲಿ ವರ್ಷಕ್ಕೆ 12,000 ರೂಪಾಯಿ ದೊರೆಯುತ್ತದೆ. ಸರ್ಕಾರಿ ಕಾಲೇಜಿಗೆ ಬಸ್ಸಿನಲ್ಲಿ ಹೋಗಿಬರುವ ಮಗುವಿನ ಖರ್ಚಿನ ದೊಡ್ಡ ಪಾಲನ್ನು ಇದೊಂದೇ ಹೊರುತ್ತದೆ.

ಇವೆಲ್ಲ ಕೈತಪ್ಪುವುದು ಅರ್ಹತೆಯಿಲ್ಲದೆ ಅಲ್ಲ, ಕಾಗದವಿಲ್ಲದೆ. ನಮ್ಮ ಊರಿನ ಒಂದು ವಿಚಿತ್ರವನ್ನು ನೋಡಿ. ಮಗುವಿನ ಹೆಸರು ಶಾಲೆಯಲ್ಲಿ ಕನ್ನಡದ ಉಚ್ಚಾರದಂತೆ, ಪಡಿತರ ಚೀಟಿಯಲ್ಲಿ ಮಲಯಾಳದ ಉಚ್ಚಾರದಂತೆ, ಆಧಾರಿನಲ್ಲಿ ಬರೆದವನ ಇಂಗ್ಲಿಷಿನಂತೆ. ಒಬ್ಬನೇ ಹುಡುಗ ಮೂರು ಮಂದಿಯಾಗುತ್ತಾನೆ. ಮೂವರಲ್ಲಿ ಒಬ್ಬನಿಗೂ ಹಣ ಬರುವುದಿಲ್ಲ! ಹತ್ತನೆಯ ತರಗತಿಯ ಅರ್ಜಿ ತುಂಬುವ ಹೊತ್ತಿಗೇ ಹೆಸರು, ಮನೆತನದ ಹೆಸರು, ಜನ್ಮದಿನಗಳನ್ನು ಒಂದುಗೂಡಿಸಿಕೊಳ್ಳಿ. ವರಮಾನ, ಜಾತಿ, ವಾಸ್ತವ್ಯದ ಪ್ರಮಾಣಪತ್ರಗಳನ್ನು ಫಲಿತಾಂಶ ಬರುವುದಕ್ಕೆ ಮುನ್ನವೇ ಅಕ್ಷಯ ಕೇಂದ್ರದ ಮೂಲಕ ಅರ್ಜಿ ಹಾಕಿ ಪಡೆಯಿರಿ. ಫಲಿತಾಂಶದ ಮರುದಿನ ಅಲ್ಲಿರುವ ಸಾಲನ್ನು ನಾವೆಲ್ಲ ಕಂಡಿದ್ದೇವೆ.

ಸಾಲ ಮಾಡದೆ ತೀರದು ಎಂದಾದರೆ ಅದಕ್ಕೂ ಲೆಕ್ಕವಿದೆ. ಬಡ್ಡಿ ವ್ಯಾಪಾರಿಯ ಬಳಿಗೂ ಚಿನ್ನದ ಅಡವಿಗೂ ಹೋಗುವ ಮುನ್ನ ಬ್ಯಾಂಕಿನ ಶಿಕ್ಷಣ ಸಾಲವನ್ನು ವಿಚಾರಿಸಬೇಕು. 4 ಲಕ್ಷದವರೆಗಿನ ಶಿಕ್ಷಣ ಸಾಲಕ್ಕೆ ಬ್ಯಾಂಕುಗಳು ಆಸ್ತಿಯ ಅಡಮಾನವನ್ನು ಕೇಳುವಂತಿಲ್ಲ. ಓದು ಮುಗಿದು ಒಂದು ವರ್ಷದ ತರುವಾಯ ಮರುಪಾವತಿ ಆರಂಭವಾಗುವುದು ವಾಡಿಕೆ. ಆದರೆ ಆ ಅವಧಿಯಲ್ಲಿ ಬಡ್ಡಿ ಮಲಗಿರುವುದಿಲ್ಲ. ವರ್ಷಕ್ಕೆ 1 ಲಕ್ಷದಂತೆ ನಾಲ್ಕು ವರ್ಷ, ಶೇಕಡಾ 10ರ ಸರಳ ಬಡ್ಡಿಯಲ್ಲಿ ಸಾಲ ತೆಗೆದರೆ, ಮರುಪಾವತಿಯ ದಿನ ಬಂದಾಗ 4 ಲಕ್ಷವು 5 ಲಕ್ಷ 40 ಸಾವಿರವಾಗಿರುತ್ತದೆ. ಹತ್ತು ವರ್ಷ, ತಿಂಗಳಿಗೆ ಸುಮಾರು 7,100 ರೂಪಾಯಿ ಕಟ್ಟಬೇಕು. ಓದುವಾಗಲೇ ಬಡ್ಡಿಯನ್ನು ಮಾತ್ರ, ಅಂದರೆ ಮೊದಲ ವರ್ಷ ತಿಂಗಳಿಗೆ ಸುಮಾರು 830, ಎರಡನೆಯ ವರ್ಷ ಅದರ ಇಮ್ಮಡಿ, ಹೀಗೆ ಕಟ್ಟುತ್ತ ಬಂದರೆ ಮುಂದಿನ ಕಂತು ಸುಮಾರು 5,300ಕ್ಕೆ ಇಳಿಯುತ್ತದೆ. ಕೆಲಸಕ್ಕೆ ಸೇರಿದ ಮಗುವಿನ ಮೊದಲ ಸಂಬಳದಲ್ಲಿ ಈ ಅಂತರ ಸಣ್ಣದಲ್ಲ.

2024ರ ನವೆಂಬರಿನಲ್ಲಿ ಕೇಂದ್ರ ಸಂಪುಟವು ಒಪ್ಪಿದ ಪಿ.ಎಂ. ವಿದ್ಯಾಲಕ್ಷ್ಮಿ ಯೋಜನೆಯಲ್ಲಿ, ಆಯ್ದ ಉತ್ತಮ ಸಂಸ್ಥೆಗಳಿಗೆ ಪ್ರವೇಶ ಪಡೆದವರಿಗೆ ಅಡಮಾನವೂ ಜಾಮೀನೂ ಇಲ್ಲದೆ ಸಾಲ ಸಿಗುತ್ತದೆ. 8 ಲಕ್ಷದವರೆಗೆ ವರಮಾನವಿರುವ ಕುಟುಂಬಗಳ ಆಯ್ದ ವಿದ್ಯಾರ್ಥಿಗಳಿಗೆ 10 ಲಕ್ಷದವರೆಗಿನ ಸಾಲದ ಮೇಲೆ, ಮರುಪಾವತಿ ಆರಂಭವಾಗುವವರೆಗೆ, ಶೇಕಡಾ 3ರಷ್ಟು ಬಡ್ಡಿಯ ರಿಯಾಯಿತಿಯೂ ಉಂಟು. 4.5 ಲಕ್ಷದೊಳಗಿನ ವರಮಾನದವರಿಗೆ ಮಾನ್ಯತೆಯಿರುವ ಸಂಸ್ಥೆಗಳ ತಾಂತ್ರಿಕ ಮತ್ತು ವೃತ್ತಿ ಶಿಕ್ಷಣಕ್ಕೆ ಓದಿನ ಅವಧಿಯ ಬಡ್ಡಿಯನ್ನು ಸರ್ಕಾರವೇ ತುಂಬುವ ಬೇರೆ ಯೋಜನೆಯಿದೆ. ಗಮನಿಸಬೇಕಾದುದೇನೆಂದರೆ, ವಿದ್ಯಾಲಕ್ಷ್ಮಿಯ ಸವಲತ್ತು ಅರ್ಹತೆಯಿಂದ ಸೀಟು ಪಡೆದವರಿಗೆ ಮಾತ್ರ; ಆಡಳಿತ ಮಂಡಳಿಯ ಪಾಲಿನ ಸೀಟು ಹಿಡಿದವರಿಗೆ ಇಲ್ಲ. ಹೀಗಾಗಿ ದಲ್ಲಾಳಿಯ ಸೀಟು ಎರಡು ಸಲ ದುಬಾರಿ: ಫೀಸೂ ಹೆಚ್ಚು, ಸಹಾಯವೂ ಇಲ್ಲ.

ಇನ್ನೊಂದು ರಕ್ಷಣೆಯನ್ನು ನೆನಪಿನಲ್ಲಿಡಿ. ಕಾಲೇಜುಗಳು ವಿದ್ಯಾರ್ಥಿಯ ಮೂಲ ಪ್ರಮಾಣಪತ್ರಗಳನ್ನು ಹಿಡಿದಿಟ್ಟುಕೊಳ್ಳಬಾರದು, ಪರಿಶೀಲಿಸಿ ಕೂಡಲೇ ಮರಳಿಸಬೇಕು, ಸಕಾಲದಲ್ಲಿ ಸೀಟು ಬಿಟ್ಟವರಿಗೆ ಫೀಸನ್ನು ಹಿಂದಿರುಗಿಸಬೇಕು ಎಂದು ವಿಶ್ವವಿದ್ಯಾಲಯ ಅನುದಾನ ಆಯೋಗವು 2018ರ ಅಕ್ಟೋಬರದಲ್ಲಿ ಸೂಚಿಸಿದೆ. ನಮ್ಮ ನೆರೆಯವರಿಗೆ ಇಂಥ ಒಂದು ಮಾತನ್ನು ಅಂದು ಯಾರಾದರೂ ಹೇಳಿದ್ದರೆ!

ಹೆಣ್ಣುಮಕ್ಕಳ ವಿಷಯದಲ್ಲಿ ಒಂದು ಮಾತು. ಮನೆಯಲ್ಲಿ ಹಣ ಸಾಲದಾದಾಗ ಮೊದಲು ನಿಲ್ಲುವುದು ಮಗಳ ಓದು. ಮಗನ ಒಂದು ವರ್ಷದ ದೂರದ ಖರ್ಚಿನಲ್ಲಿ ಮಗಳ ಇಡೀ ಪದವಿ ಹತ್ತಿರದ ಸರ್ಕಾರಿ ಕಾಲೇಜಿನಲ್ಲಿ ಮುಗಿಯುತ್ತದೆಂಬುದನ್ನು ಲೆಕ್ಕ ಹಾಕಿ ನೋಡಿದವರು ಕಡಮೆ. ಇಬ್ಬರಿಗೂ ಎಲ್ಲಿಂದ ತರಲಿ ಎಂದು ಕೇಳಿದ ಆ ತಂದೆ ಇಬ್ಬರನ್ನೂ ವಿದ್ಯಾನಗರಕ್ಕೆ ಕಳುಹಿಸಬಹುದಾಗಿತ್ತು, ತೋಟವೂ ಉಳಿಯುತ್ತಿತ್ತು.

ಎಲ್ಲರೂ ಊರಿನಲ್ಲೇ ಓದಬೇಕೆಂಬುದು ನಮ್ಮ ಅಭಿಪ್ರಾಯವಲ್ಲ. ಬೇಕಾದ ವಿದ್ಯೆ ಇಲ್ಲಿ ಇಲ್ಲದಿದ್ದರೆ ದೂರ ಹೋಗಲೇಬೇಕು. ಅರ್ಹತೆಯಿಂದ ಸೀಟು ದೊರೆತರೆ ಸಾಲ ಮಾಡಿಯಾದರೂ ಹೋಗಬೇಕು. ಆದರೆ ಹೋಗುವುದು ವಿದ್ಯೆಗಾಗಿ ಆಗಿರಲಿ, ನೆರೆಯವರ ಕಣ್ಣಿಗಾಗಿ ಆಗದಿರಲಿ.

ಕೊನೆಯದಾಗಿ ಸಂಘಕ್ಕೆ ಮೂರು ಬಿನ್ನಹಗಳು. ಒಂದು: ನಮ್ಮ ಊರಿನಿಂದ ಬೇರೆ ಬೇರೆ ಕಾಲೇಜುಗಳಿಗೆ ಹೋಗಿರುವ ಮಕ್ಕಳಿಂದ ನಿಜವಾದ ಖರ್ಚನ್ನು ಕೇಳಿ ಬರೆದಿಡುವ ಒಂದು ಪುಸ್ತಕ ಸಂಘದ ಕಚೇರಿಯಲ್ಲಿರಲಿ, ಯಾರು ಬೇಕಾದರೂ ಬಂದು ನೋಡಲಿ. ಎರಡು: ಪ್ರತಿವರ್ಷ ಫಲಿತಾಂಶಕ್ಕೆ ಮುನ್ನ ಒಂದು ಭಾನುವಾರ, ಬಲ್ಲ ಅಧ್ಯಾಪಕರು ಕುಳಿತು ಮಕ್ಕಳ ಕಾಗದಪತ್ರಗಳನ್ನು ನೋಡಿಕೊಡಲಿ. ಮೂರು: ವಿದ್ಯಾರ್ಥಿವೇತನ ಬರುವುದು ತಡವಾಗಿ, ಫೀಸು ಕಟ್ಟಬೇಕಾದುದು ಮೊದಲು. ಈ ನಡುವಿನ ಕೆಲವು ತಿಂಗಳುಗಳಿಗಾಗಿಯೇ ಒಂದು ಸಣ್ಣ ವಿದ್ಯಾನಿಧಿಯನ್ನು ಕೂಡಿಸಿ ಬಡ್ಡಿಯಿಲ್ಲದೆ ಕೈಗಡವಾಗಿ ಕೊಡೋಣ. ವೇತನ ಬಂದಾಗ ಹಿಂದಿರುಗಿಸಲಿ, ಮುಂದಿನ ಮಗುವಿಗೆ ಅದೇ ಹಣ ಸಲ್ಲಲಿ. ಈ ನಿಧಿಗೆ ನಮ್ಮ ಮೊದಲ ಕಾಣಿಕೆಯನ್ನು ಇಂದೇ ಕೋಶಾಧಿಕಾರಿಗಳಿಗೆ ಒಪ್ಪಿಸಿದ್ದೇವೆ. ಮೊತ್ತ ಸಣ್ಣದು, ಆದುದರಿಂದ ಇತರರು ಸಂಕೋಚಪಡಬೇಕಾಗಿಲ್ಲ.

ಹಿತ್ತಿಲ ಗಿಡದಲ್ಲಿಯೂ ಮದ್ದಿದೆ. ಎಲೆಯನ್ನು ಗುರುತಿಸುವ ಕಣ್ಣು ಬೇಕು, ಅರೆದುಕೊಡುವ ಕೈ ಬೇಕು. ಆ ಕಣ್ಣೂ ಆ ಕೈಯೂ ಈ ಸಂಘವಾಗಲಿ.